ಯಂತ್ರದ ಮರುಮಾತು

ಒಲೆಯ ಮುಂದೆ ಕೈಬಿಡುವಿಲ್ಲದೆ ನಿಂತ ತಾಯಿ ಮಗನನ್ನು ಕರೆದು, "ಮೂಲೆಯಂಗಡಿಗೆ ಓಡಿಹೋಗಿ ಎರಡು ಅಚ್ಚು ಬೆಲ್ಲ ತಾರೋ" ಎನ್ನುತ್ತಾಳೆ. ಹುಡುಗನು ಓಡುತ್ತಾನೆ, ಮರಳಿ ಬರುತ್ತಾನೆ, "ಬೆಲ್ಲ ಮುಗಿದುಹೋಗಿದೆಯಂತಮ್ಮ" ಎಂದು ಬಾಗಿಲಲ್ಲೇ ಹೇಳಿ, ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಆಟಕ್ಕೆ ಹೊರಟುಹೋಗುತ್ತಾನೆ. ಒಗ್ಗರಣೆಯ ಸದ್ದಿನಲ್ಲಿ ತಾಯಿಗೆ ಆ ಮಾತು ಕೇಳಿಸುವುದಿಲ್ಲ. ಬೆಲ್ಲ ಬಂದಿದೆಯೆಂದೇ ಭಾವಿಸಿ ಆಕೆ ಬೇಳೆ ಬೇಯಿಸುತ್ತಾಳೆ, ಕಾಯಿ ಅರೆಯುತ್ತಾಳೆ, ಬಂದ ನೆಂಟರಿಗೆ ಎಲೆಯನ್ನೂ ಹಾಕಿಸುತ್ತಾಳೆ; ಕೊನೆಗೆ ಪಾಯಸಕ್ಕೆ ಬೆಲ್ಲ ಹಾಕಲು ಚೀಲಕ್ಕೆ ಕೈಯಿಡುತ್ತಾಳೆ. ಚೀಲ ಬರಿದು. ಹುಡುಗನ ತಪ್ಪೇನೂ ಇಲ್ಲ, ಅಂಗಡಿಯವನದೂ ಇಲ್ಲ. ಕೇಳಿದ್ದಕ್ಕೆ ಉತ್ತರ ಬಂದೇ ಇತ್ತು. ಅದನ್ನು ಕೇಳಿಸಿಕೊಳ್ಳುವವರಿರಲಿಲ್ಲ, ಅಷ್ಟೆ.

ನಮ್ಮ ಕಂಪ್ಯೂಟರುಗಳ ಒಡಲಿನಲ್ಲಿ ಇದೇ ಪ್ರಸಂಗವು ಬೇರೊಂದು ವೇಷದಲ್ಲಿ ನಡೆಯುತ್ತಿರುತ್ತದೆ. ಅಲ್ಲಿ ಕೆಡುವುದು ಪಾಯಸವಲ್ಲ. ಒಮ್ಮೊಮ್ಮೆ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಒಮ್ಮೊಮ್ಮೆ, ಮತ್ತು ಇದು ಮೊದಲಿನದಕ್ಕಿಂತಲೂ ಕೆಟ್ಟದ್ದು, ಯಾವ ಸದ್ದೂ ಇಲ್ಲದೆ ಬರೆದಿಟ್ಟ ಲೆಕ್ಕಪತ್ರಗಳೇ ಇಲ್ಲವಾಗುತ್ತವೆ. ಯಂತ್ರವು ಕೊಡುವ ಉತ್ತರವನ್ನು ಕೇಳಿಸಿಕೊಳ್ಳುವ ಈ ಚಿಕ್ಕ ಕೆಲಸವು ಏಕೆ ಇಷ್ಟು ಕಷ್ಟದ್ದಾಯಿತೆಂಬುದನ್ನು ಇಲ್ಲಿ ನೋಡೋಣ.

ದುಭಾಷಿಯ ಕೆಲಸ

ಕಂಪ್ಯೂಟರಿಗೆ ಜೋಡಿಸಿದ ಉಪಕರಣಗಳು ಒಂದೊಂದೂ ಒಂದೊಂದು ನುಡಿಯನ್ನಾಡುತ್ತವೆ. ಪ್ರಿಂಟರಿನದು ಒಂದು, ಡಿಸ್ಕಿನದು ಮತ್ತೊಂದು, ಕ್ಯಾಮೆರಾದ್ದು ಮಗುದೊಂದು. ಕಂಪ್ಯೂಟರಿನ ಸಮಸ್ತ ವ್ಯವಹಾರವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಈ ಕರ್ನೆಲ್ ಅಷ್ಟು ನುಡಿಗಳನ್ನೂ ತಾನೇ ಕಲಿಯಲು ಹೋಗುವುದಿಲ್ಲ. ಪ್ರತಿಯೊಂದು ಬಗೆಯ ಉಪಕರಣಕ್ಕೂ ಒಬ್ಬ ದುಭಾಷಿಯನ್ನು ಇರಿಸಿಕೊಳ್ಳುತ್ತದೆ. ಈ ದುಭಾಷಿಯೇ ಡಿವೈಸ್ ಡ್ರೈವರ್ ಎಂಬ ಪ್ರೋಗ್ರಾಮು. "ಈ ಹಾಳೆಯನ್ನು ಬರೆ" ಎಂದು ಕರ್ನೆಲ್ ಹೇಳಿದರೆ, ಅದನ್ನು ಡಿಸ್ಕಿಗೆ ತಿಳಿಯುವ ಸಂಜ್ಞೆಗಳನ್ನಾಗಿ ಮಾರ್ಪಡಿಸಿ ಮುಟ್ಟಿಸುವುದೂ, ಡಿಸ್ಕು ಹೇಳಿದ್ದನ್ನು ತಂದೊಪ್ಪಿಸುವುದೂ ಅದರ ಕೆಲಸ.

ಸಾಮಾನ್ಯ ಪ್ರೋಗ್ರಾಮೊಂದು ತಪ್ಪು ಮಾಡಿದರೆ ಆ ಪ್ರೋಗ್ರಾಮು ಮಾತ್ರ ಸಾಯುತ್ತದೆ. ಮಿಕ್ಕವು ತಮ್ಮ ಪಾಡಿಗೆ ತಾವು ನಡೆಯುತ್ತವೆ. ಡ್ರೈವರಿನ ಸ್ಥಿತಿ ಹಾಗಲ್ಲ. ಲಿನಕ್ಸ್, ವಿಂಡೋಸ್ ಮೊದಲಾದವುಗಳಲ್ಲಿ ಬಹುಪಾಲು ಡ್ರೈವರುಗಳು ಹೊರಜಗಲಿಯಲ್ಲಿ ಕುಳಿತವಲ್ಲ, ನಡುಮನೆಯಲ್ಲಿ ಕುಳಿತವು. ಕರ್ನೆಲಿಗೆ ಇರುವ ಅಧಿಕಾರವೆಲ್ಲ ಅವಕ್ಕೂ ಉಂಟು. ಆದುದರಿಂದ ಅವು ಎಡವಿದರೆ ಮನೆಯೇ ಕುಸಿಯುವ ಸಂಭವವುಂಟು. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಲಿನಕ್ಸ್ ಕರ್ನೆಲನ್ನು ಜರಡಿ ಹಿಡಿದಾಗ, ಡ್ರೈವರುಗಳಲ್ಲಿ ದೋಷಗಳ ಪ್ರಮಾಣವು ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿರುವುದು ಕಂಡುಬಂದಿತು. ಎರಡು ವರ್ಷಗಳ ತರುವಾಯ, 2003ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾನಿಲಯದಿಂದ ಬಂದ ಪ್ರಬಂಧವೊಂದು ಅಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ನೂರಕ್ಕೆ 85ರಷ್ಟಕ್ಕೆ ಡ್ರೈವರುಗಳೇ ಕಾರಣವೆಂದು ತಿಳಿಸಿತು. ಈ ದೋಷಗಳೆಲ್ಲವೂ ಕಿವುಡುತನದಿಂದಾದವಲ್ಲ. ಆದರೆ ಕಿವುಡುತನದ ಪಾಲು ಅವುಗಳಲ್ಲಿ ಸಣ್ಣದೇನೂ ಅಲ್ಲ.

ಸೊನ್ನೆಯೆಂದರೆ ಕ್ಷೇಮ

ಡ್ರೈವರುಗಳನ್ನು ಬಹುಮಟ್ಟಿಗೆ ಸಿ ಎಂಬ ಭಾಷೆಯಲ್ಲಿ ಬರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಭಾಷೆ ಇದು. ಇದರಲ್ಲಿ ಕೆಲಸಗಳನ್ನು ಫಂಕ್ಷನ್ ಎಂಬ ತುಂಡುಗಳಾಗಿ ಹಂಚುತ್ತಾರೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದು ಕೆಲಸ ಒಪ್ಪಿಸುತ್ತದೆ. ಕರೆಸಿಕೊಂಡದ್ದು ಕೆಲಸ ಮುಗಿಸಿ ಹಿಂದಿರುಗುವಾಗ ಒಂದು ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಬರುತ್ತದೆ. ಇದಕ್ಕೆ ರಿಟರ್ನ್ ವ್ಯಾಲ್ಯೂ ಎಂದು ಹೆಸರು. ನಾವು ಇದನ್ನು ಮರುಮಾತು ಎನ್ನೋಣ.

ಮುಂದೆ ಬಂದ ಹಲವು ಭಾಷೆಗಳಲ್ಲಿ, ಕೆಲಸ ಕೆಟ್ಟರೆ ಫಂಕ್ಷನ್ ಬೊಬ್ಬೆ ಹಾಕುತ್ತದೆ. ಆ ಬೊಬ್ಬೆಯನ್ನು ಯಾರಾದರೂ ಹಿಡಿಯದಿದ್ದರೆ ಪ್ರೋಗ್ರಾಮೇ ನಿಂತುಹೋಗುತ್ತದೆ. ಸಿ ಭಾಷೆಯಲ್ಲಿ ಈ ಕೂಗಾಟವಿಲ್ಲ. ಅದರ ಮರುಮಾತು ಬಹು ಮೆಲ್ಲನೆಯದು. ಕೇಳಿಸಿಕೊಂಡರೆ ಸರಿ, ಬಿಟ್ಟರೆ ಯಾರೂ ಕೇಳುವವರಿಲ್ಲ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಕುಳಿತಿರುವ, ಲಿನಕ್ಸ್ ಕರ್ನೆಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಯುನಿಕ್ಸಿನಿಂದ ಬಂದ ಸಂಪ್ರದಾಯವೊಂದು ರೂಢಿಯಲ್ಲಿದೆ. ಮರುಮಾತು ಸೊನ್ನೆಯಾದರೆ ಕೆಲಸವಾಯಿತೆಂದು ಅರ್ಥ. ಋಣಸಂಖ್ಯೆಯಾದರೆ ಆಗಲಿಲ್ಲ, ಆ ಸಂಖ್ಯೆಯೇ ಕಾರಣವನ್ನೂ ಹೇಳುತ್ತದೆ. ಋಣ 12 ಎಂದರೆ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಜಾಗವಿಲ್ಲ. ಋಣ 5 ಎಂದರೆ ಉಪಕರಣದೊಡನೆ ಓದುಬರಹ ನಡೆಯಲಿಲ್ಲ. ಋಣ 16 ಎಂದರೆ ಅದು ಬೇರೆ ಕೆಲಸದಲ್ಲಿದೆ. ಋಣ 19 ಎಂದರೆ ಅಂಥ ಉಪಕರಣವೇ ಇಲ್ಲ. ಒಳ್ಳೆಯದಕ್ಕೆ ಸೊನ್ನೆಯೇ ಎಂದು ವಾಚಕರು ನಗಬಹುದು. ಆದರೆ ಕೆಲಸವಾಯಿತೆಂಬ ಮಾತಿಗೆ ವಿವರಣೆ ಬೇಕಿಲ್ಲ, ಆಗಲಿಲ್ಲವೆಂದರೆ ಮಾತ್ರ "ಏಕೆ?" ಎಂಬ ಪ್ರಶ್ನೆ ಹುಟ್ಟುತ್ತದೆ. ಹೀಗಾಗಿ ಕ್ಷೇಮಕ್ಕೆ ಒಂದೇ ಸಂಖ್ಯೆ, ವಿಪತ್ತಿಗೆ ಹಲವು.

ಇಷ್ಟೇ ಆಗಿದ್ದರೆ ಸುಲಭವಾಗುತ್ತಿತ್ತು. ಆದರೆ ಕೆಲವು ಫಂಕ್ಷನ್‌ಗಳು ಸಂಖ್ಯೆಗೆ ಬದಲಾಗಿ ವಿಳಾಸವನ್ನು ತರುತ್ತವೆ. "ಸ್ಮೃತಿಯಲ್ಲಿ ನನಗಿಷ್ಟು ಜಾಗ ಕೊಡು" ಎಂದು ಕೇಳಿದರೆ ಜಾಗದ ವಿಳಾಸ ಬರುತ್ತದೆ. ಜಾಗವಿಲ್ಲದಿದ್ದರೆ ಸೊನ್ನೆಯ ವಿಳಾಸ ಬರುತ್ತದೆ. ಇಲ್ಲಿ ಸೊನ್ನೆಯೆಂದರೆ ವಿಪತ್ತು! ಮತ್ತೆ ಕೆಲವು ಫಂಕ್ಷನ್‌ಗಳು ಸೋತಾಗ ಸೊನ್ನೆಯನ್ನೂ ಕೊಡುವುದಿಲ್ಲ. ವಿಳಾಸಗಳ ಸಾಲಿನ ತುತ್ತತುದಿಯಲ್ಲಿರುವ 4095 ಸಂಖ್ಯೆಗಳನ್ನು ಯಾವ ಜಾಗಕ್ಕೂ ಹಂಚದೆ ಮೀಸಲಿಟ್ಟು, ಅವುಗಳಲ್ಲೊಂದನ್ನು ದೋಷದ ಸಂಜ್ಞೆಯಾಗಿ ಕೊಡುತ್ತವೆ. ನೋಡುವುದಕ್ಕೆ ಅದೂ ಒಂದು ವಿಳಾಸದಂತೆಯೇ ಇರುತ್ತದೆ. ಇಂಥ ಫಂಕ್ಷನನ್ನು ಕರೆದವನು "ಸೊನ್ನೆಯೇ?" ಎಂದಷ್ಟೇ ವಿಚಾರಿಸಿ, ಅಲ್ಲವೆಂದು ತಿಳಿದು ಆ ವಿಳಾಸಕ್ಕೆ ಹೋದರೆ ಅಲ್ಲಿ ಮನೆಯೇ ಇರುವುದಿಲ್ಲ. ಆತನು ಪರೀಕ್ಷೆ ಮಾಡಲಿಲ್ಲವೆನ್ನುವಂತಿಲ್ಲ; ತಪ್ಪು ಪರೀಕ್ಷೆ ಮಾಡಿದನು. ಈ ಬಗೆಯ ಪ್ರಮಾದಗಳು ಇಂದಿಗೂ ಸಿಕ್ಕುತ್ತಲೇ ಇವೆ.

ಏರಿದ ಕ್ರಮ, ಇಳಿಯುವ ಕ್ರಮ

ಪೆನ್‌ಡ್ರೈವನ್ನೋ ವೈಫೈ ಕಾರ್ಡನ್ನೋ ಕಂಪ್ಯೂಟರಿಗೆ ಸಿಕ್ಕಿಸಿದ ಕ್ಷಣದಲ್ಲಿ ಅದಕ್ಕೆ ಸಂಬಂಧಿಸಿದ ಡ್ರೈವರು ಎಚ್ಚರಗೊಂಡು ಹಲವು ಸಿದ್ಧತೆಗಳನ್ನು ಸಾಲಾಗಿ ಮಾಡುತ್ತದೆ. ಸ್ಮೃತಿಯಲ್ಲಿ ಜಾಗ ಕೇಳಬೇಕು. ಉಪಕರಣದ ರಿಜಿಸ್ಟರುಗಳಿಗೆ ದಾರಿ ಮಾಡಿಕೊಳ್ಳಬೇಕು. ಅದರ ವಿದ್ಯುತ್ತನ್ನು ಹಾಯಿಸಬೇಕು. ಉಪಕರಣವು ತನ್ನನ್ನು ಕೂಗಿ ಕರೆಯಲು ಬೇಕಾದ ಗಂಟೆಯನ್ನು, ಇಂಟರಪ್ಟ್ ಎಂಬುದನ್ನು, ಕಟ್ಟಿಸಿಕೊಳ್ಳಬೇಕು. ಕಟ್ಟಕಡೆಗೆ "ಈ ಉಪಕರಣ ಸಿದ್ಧ" ಎಂದು ಕರ್ನೆಲಿನಲ್ಲಿ ನೋಂದಾಯಿಸಬೇಕು. ಪ್ರತಿಯೊಂದು ಮೆಟ್ಟಿಲಲ್ಲೂ ಯಾರನ್ನೋ ಏನನ್ನೋ ಕೇಳಬೇಕು. ಪ್ರತಿಯೊಂದು ಕಡೆಯೂ ಇಲ್ಲವೆಂಬ ಉತ್ತರ ಬರಬಹುದು.

ನಾಲ್ಕನೆಯ ಮೆಟ್ಟಿಲಲ್ಲಿ ಇಲ್ಲವೆಂದರೆಂದು ಇಟ್ಟುಕೊಳ್ಳೋಣ. ಆಗ ಮರುಮಾತನ್ನು ಕೇಳಿಸಿಕೊಂಡು ಸುಮ್ಮನೆ ಹಿಂದಿರುಗಿದರೆ ಸಾಲದು. ಮೂರನೆಯದರಲ್ಲಿ ಹಾಯಿಸಿದ ವಿದ್ಯುತ್ತನ್ನು ನಿಲ್ಲಿಸಬೇಕು, ಎರಡನೆಯದರಲ್ಲಿ ಮಾಡಿಕೊಂಡ ದಾರಿಯನ್ನು ಬಿಟ್ಟುಕೊಡಬೇಕು, ಮೊದಲನೆಯದರಲ್ಲಿ ಪಡೆದ ಜಾಗವನ್ನು ಒಪ್ಪಿಸಬೇಕು; ಅದೂ ಇದೇ ಹಿಮ್ಮೊಗದ ಕ್ರಮದಲ್ಲಿ. ಗೋಡೆಗೆ ಸುಣ್ಣ ಹೊಡೆಯಲು ಸಾರವೆ ಕಟ್ಟಿದವರು ಬಿಚ್ಚುವಾಗ ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾರಲ್ಲದೆ ಬುಡದ ಗಳುವನ್ನು ಮೊದಲು ಕೀಳುವುದಿಲ್ಲವಷ್ಟೆ. ಗಂಟೆಯನ್ನು ಬಿಚ್ಚುವ ಮೊದಲೇ ಸ್ಮೃತಿಯ ಜಾಗವನ್ನು ಒಪ್ಪಿಸಿಬಿಟ್ಟರೆ, ಆ ನಡುವೆ ಉಪಕರಣವು ಗಂಟೆ ಬಾರಿಸಿದಾಗ ಡ್ರೈವರು ಓಡಿಬಂದು ತನ್ನದಲ್ಲದ ಜಾಗದಲ್ಲಿ ಕಾಲಿಡುತ್ತದೆ.

ಲಿನಕ್ಸಿನ ಲೇಖಕರು ಈ ಇಳಿತಕ್ಕೆ ಗೋಟೂ ಎಂಬ ಆಜ್ಞೆಯನ್ನು ಬಳಸುತ್ತಾರೆ. 1968ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು ಈ ಆಜ್ಞೆಯು ಹಾನಿಕರವೆಂದು ಪ್ರಸಿದ್ಧವಾದ ಪತ್ರವೊಂದನ್ನು ಪ್ರಕಟಿಸಿದ ಮೇಲೆ, ಅದನ್ನು ಮುಟ್ಟಬಾರದೆಂಬ ಮಡಿ ಪಾಠಶಾಲೆಗಳಲ್ಲಿ ಬೆಳೆದುಬಂದಿದೆ. ಡ್ರೈವರಿನ ಕೆಳತುದಿಯಲ್ಲಿ ಬಿಚ್ಚುವ ಕೆಲಸಗಳನ್ನು ಹಿಮ್ಮೊಗವಾಗಿ ಜೋಡಿಸಿ, ಎಲ್ಲಿ ಸೋತರೆ ಅಲ್ಲಿಂದ ತಕ್ಕ ಮೆಟ್ಟಿಲಿಗೆ ನೆಗೆಯುವುದಕ್ಕೆ ಮಾತ್ರ ಅದರಷ್ಟು ಅಚ್ಚುಕಟ್ಟಾದುದು ಸಿ ಭಾಷೆಯಲ್ಲಿ ಮತ್ತೊಂದಿಲ್ಲವೆಂದೇ ನಮ್ಮ ಎಣಿಕೆ. 2007ರಲ್ಲಿ ಟೇಜುನ್ ಹಿಯೋ ಎಂಬವರು ಇದಕ್ಕೂ ಸುಲಭವಾದ ಉಪಾಯವೊಂದನ್ನು ತಂದರು. ಡ್ರೈವರು ಪಡೆದ ಪ್ರತಿಯೊಂದು ವಸ್ತುವನ್ನೂ ಕರ್ನೆಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಡ್ರೈವರು ಸೋತಾಗ ಅಥವಾ ಹೊರಟುಹೋದಾಗ ತಾನಾಗಿಯೇ ಒಂದೊಂದನ್ನೂ ಹಿಮ್ಮೊಗವಾಗಿ ಬಿಡಿಸುವ ಏರ್ಪಾಡು ಅದು. ಈಗ ಬಹಳಷ್ಟು ಡ್ರೈವರುಗಳು ಇದನ್ನೇ ನೆಚ್ಚಿಕೊಂಡಿವೆ.

ಯಾರೂ ತುಳಿಯದ ದಾರಿ

ನಿಯಮಗಳು ಇಷ್ಟು ಸ್ಪಷ್ಟವಾಗಿದ್ದರೂ ಬಲ್ಲವರೇ ಏಕೆ ತಪ್ಪುತ್ತಾರೆ? ಸೋಮಾರಿತನವೆಂದರೆ ಅನ್ಯಾಯವಾದೀತು. ನಿಜವಾದ ಕಾರಣ ಬೇರೆ. ದಿನವೂ ಜನ ನಡೆದಾಡುವ ಕಾಲುದಾರಿಯಲ್ಲಿ ಮುಳ್ಳು ಬಿದ್ದರೆ ಅಂದೇ ಯಾರಾದರೂ ತುಳಿದು ಎತ್ತಿ ಎಸೆಯುತ್ತಾರೆ. ಯಾರೂ ಹೋಗದ ದಾರಿಯಲ್ಲಿ ಬಾವಿ ತೋಡಿದ್ದರೂ ಗೊತ್ತಾಗುವುದಿಲ್ಲ. ಕೆಲಸವಾದಾಗ ಡ್ರೈವರು ಹಿಡಿಯುವ ದಾರಿ ಮೊದಲನೆಯದು. ಕೆಟ್ಟಾಗ ಹಿಡಿಯುವ ದಾರಿ ಎರಡನೆಯದು. ಡ್ರೈವರನ್ನು ಬರೆದವನ ಮೇಜಿನ ಮೇಲೆ ಅವನ ಉಪಕರಣ ಸಾವಿರ ಸಲ ಸರಿಯಾಗಿ ಕೆಲಸ ಮಾಡುತ್ತದೆ. ಕೆಡುವುದು ಬೇರೆ ಯಾರದೋ ಮನೆಯಲ್ಲಿ, ಆರು ವರ್ಷಗಳ ತರುವಾಯ, ಬೇಸಗೆಯ ಮಧ್ಯಾಹ್ನದಲ್ಲಿ.

ಇದಕ್ಕೆ ಸೊಗಸಾದ ನಿದರ್ಶನವೊಂದು 2014ರ ಕೊನೆಯಲ್ಲಿ ಲಿನಕ್ಸ್ ಕರ್ನೆಲನ್ನು ಕಟ್ಟುವವರ ನಡುವೆ ನಡೆದ ಚರ್ಚೆಯಲ್ಲಿ ಬೆಳಕಿಗೆ ಬಂದಿತು. ಕರ್ನೆಲಿನ ಒಳಗೆ ಸ್ಮೃತಿಯಲ್ಲಿ ಸಣ್ಣ ಜಾಗವನ್ನು ಕೇಳಿದರೆ, ಎಷ್ಟೇ ಇಕ್ಕಟ್ಟಿದ್ದರೂ, ಇಲ್ಲವೆಂಬ ಉತ್ತರ ಬರುವುದೇ ಇಲ್ಲವೆನ್ನುವಷ್ಟು ಅಪರೂಪ. ಹಂಚುವ ಭಾಗವು ಹಠ ಹಿಡಿದು, ಬೇಕಾದರೆ ಬೇರೊಂದು ಪ್ರೋಗ್ರಾಮನ್ನು ಕೊಂದಾದರೂ, ಕೊಟ್ಟೇ ಕೊಡುತ್ತದೆ. ಹೀಗಿರಲಾಗಿ, "ಜಾಗ ಸಿಕ್ಕದಿದ್ದರೆ" ಎಂದು ಸಾವಿರಾರು ಕಡೆಗಳಲ್ಲಿ ಬರೆದಿದ್ದ ಸಾಲುಗಳು ಒಮ್ಮೆಯೂ ನಡೆಯದೆಯೇ ವರ್ಷಗಳನ್ನು ಕಳೆದಿದ್ದವು. ಹಂಚುವ ಭಾಗದ ಹಠವನ್ನು ಬಿಡಿಸೋಣವೆಂದರೆ, ಒಮ್ಮೆಯೂ ಪರೀಕ್ಷೆಯಾಗದ ಆ ಸಾಲುಗಳೆಲ್ಲ ಒಟ್ಟಿಗೆ ಎಚ್ಚೆತ್ತು ಏನು ಅನಾಹುತ ಮಾಡುವುವೋ ಎಂಬ ಭಯ!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ತಂಡವೊಂದು 2008ರಲ್ಲಿ ಲಿನಕ್ಸಿನ ಎಲ್ಲ ಕಡತವ್ಯವಸ್ಥೆಗಳನ್ನೂ ಮೂರು ಮುಖ್ಯ ಸಂಗ್ರಹೋಪಕರಣ ಡ್ರೈವರುಗಳನ್ನೂ ಪರಿಶೀಲಿಸಿ, ದೋಷವನ್ನು ಹೇಳಬಲ್ಲ ಮರುಮಾತುಗಳು ಎಲ್ಲೆಲ್ಲಿ ಕಳೆದುಹೋಗುತ್ತವೆಯೆಂದು ಲೆಕ್ಕ ಹಾಕಿತು. 1153 ಕರೆಗಳಲ್ಲಿ, ಅಂದರೆ ನೂರಕ್ಕೆ 13ರಷ್ಟರಲ್ಲಿ, ಉತ್ತರವನ್ನು ಕೈಗೆ ತೆಗೆದುಕೊಳ್ಳದೆ ಬಿಸುಟಿದ್ದರು. ಇದು ಯಾವುದೋ ಆಟಿಕೆಯ ಡ್ರೈವರಿನ ಮಾತಲ್ಲ. ಜನರು ತಮ್ಮ ಬರಹಗಳನ್ನು ನಂಬಿ ಇಡುವ ಡಿಸ್ಕಿನ ಮಾತು.

ಕೇಳಿಸಿಕೊಳ್ಳದಿರುವುದು ಒಂದು ಬಗೆ. ತಪ್ಪಾಗಿ ಕೇಳಿಸಿಕೊಳ್ಳುವುದು ಇನ್ನೊಂದು. ಇಂಟರಪ್ಟಿನ ಗಂಟೆಗೆ ಸಂಖ್ಯೆಯೊಂದನ್ನು ಕೊಡಬೇಕೆಂದು ಕೇಳಿದಾಗ, ಇಲ್ಲದಿದ್ದರೆ ಋಣ 6 ಎಂದು ಮರುಮಾತು ಬರುವುದುಂಟು. ಅದನ್ನು ಧನಸಂಖ್ಯೆಗಳನ್ನು ಮಾತ್ರ ಹಿಡಿಯಬಲ್ಲ ಪಾತ್ರೆಯಲ್ಲಿ ಹಾಕಿದರೆ ಏನಾದೀತು? ಋಣಚಿಹ್ನೆಗೆ ಅಲ್ಲಿ ಜಾಗವಿಲ್ಲದ್ದರಿಂದ ಋಣ 6 ಎಂಬುದು 429,49,67,290 ಎಂದು ವೇಷ ಮರೆಸಿಕೊಳ್ಳುತ್ತದೆ. ಅದರ ಕೆಳಗಿನ ಸಾಲಿನಲ್ಲಿಯೇ ಲೇಖಕನು ಬಹು ನಿಷ್ಠೆಯಿಂದ "ಇದು ಸೊನ್ನೆಗಿಂತ ಕಡಿಮೆಯೇ?" ಎಂದು ಕೇಳಿರುತ್ತಾನೆ. ಧನಸಂಖ್ಯೆ ಎಂದಾದರೂ ಸೊನ್ನೆಗಿಂತ ಕಡಿಮೆಯಾದೀತೆ? ಬಾಗಿಲಿಗೆ ಕಾವಲುಗಾರನಿದ್ದಾನೆ, ಆದರೆ ಅವನಿಗೆ ಕಣ್ಣಿಲ್ಲ.

ಮತ್ತೊಂದು ಪ್ರಕರಣ ಇನ್ನೂ ವಿಚಿತ್ರವಾದುದು. ನಿದ್ರೆಯಲ್ಲಿರುವ ಉಪಕರಣವನ್ನು ಎಬ್ಬಿಸುವ ಫಂಕ್ಷನ್ ಒಂದಿದೆ. ಅದು "ಈ ಉಪಕರಣವನ್ನು ಇಷ್ಟು ಜನ ಬಳಸುತ್ತಿದ್ದಾರೆ" ಎಂಬ ಲೆಕ್ಕವನ್ನು ಒಂದು ಹೆಚ್ಚಿಸಿ, ತರುವಾಯ ಉಪಕರಣವನ್ನು ಎಬ್ಬಿಸಲು ಯತ್ನಿಸುತ್ತದೆ. ಎಬ್ಬಿಸುವುದರಲ್ಲಿ ಸೋತರೂ ಹೆಚ್ಚಿಸಿದ ಲೆಕ್ಕವನ್ನು ಇಳಿಸುವುದಿಲ್ಲ! ಡ್ರೈವರಿನ ಲೇಖಕನು ಋಣಸಂಖ್ಯೆಯನ್ನು ಕಂಡು, ಶಾಸ್ತ್ರೋಕ್ತವಾಗಿ ಹಿಂದಿರುಗುತ್ತಾನೆ. ಲೆಕ್ಕ ಮಾತ್ರ ಒಂದು ಹೆಚ್ಚಾಗಿಯೇ ಉಳಿಯುತ್ತದೆ. ಉಪಕರಣವನ್ನು ಯಾರೋ ಬಳಸುತ್ತಿದ್ದಾರೆಂದು ನಂಬಿದ ಕರ್ನೆಲ್ ಅದನ್ನು ಎಂದೆಂದಿಗೂ ಮಲಗಗೊಡುವುದಿಲ್ಲ. 2020ರಲ್ಲಿ ಇಂಥ ಕಡೆಗಳನ್ನು ಹುಡುಕಿ ಹುಡುಕಿ ತಿದ್ದಬೇಕಾಯಿತು. ಕೊನೆಗೆ ಅದೇ ವರ್ಷದ ಅಂತ್ಯದಲ್ಲಿ, ಸೋತರೆ ಲೆಕ್ಕವನ್ನು ತಾನೇ ಇಳಿಸುವ ಹೊಸ ಫಂಕ್ಷನ್ ಒಂದನ್ನು ಒದಗಿಸಿದರು. ನಮಗೆ ತೋರುವಂತೆ ಇಲ್ಲಿ ತಪ್ಪು ಕರೆದವರದ್ದಕ್ಕಿಂತ ಹೆಚ್ಚಾಗಿ ಕರೆಸಿಕೊಂಡದ್ದರದು. ಇಲ್ಲವೆಂದವನು ಏನನ್ನೂ ಇಟ್ಟುಕೊಂಡಿರಬಾರದೆಂಬುದು ಲೋಕರೂಢಿ.

ಉತ್ತರವನ್ನು ಬದಲಿಸಿ ಹೇಳುವುದರಿಂದಲೂ ಕೆಡುಕುಂಟು. ಲಿನಕ್ಸಿನಲ್ಲಿ 517 ಎಂಬ ಸಂಜ್ಞೆಯೊಂದಿದೆ, 2012ರಲ್ಲಿ ಬಂದುದು. "ನನಗೆ ಬೇಕಾದ ಮತ್ತೊಂದು ಉಪಕರಣ ಇನ್ನೂ ಸಿದ್ಧವಾಗಿಲ್ಲ, ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಪುನಃ ಕರೆಯಿರಿ" ಎಂದು ಅದರ ಅರ್ಥ. ನಡುವಿನ ಡ್ರೈವರೊಂದು ಈ ಮಾತನ್ನು ಹಾಗೆಯೇ ಮೇಲಕ್ಕೆ ಮುಟ್ಟಿಸದೆ, ತನಗೆ ತೋಚಿದಂತೆ "ಉಪಕರಣವಿಲ್ಲ" ಎಂದು ಹೇಳಿಬಿಟ್ಟರೆ ಕರ್ನೆಲ್ ಪುನಃ ಕರೆಯುವುದೇ ಇಲ್ಲ. ಕೆಡದ ಉಪಕರಣವು ಕೆಟ್ಟುಹೋದದ್ದರ ಹಾಗೆ ಮೂಲೆಯಲ್ಲಿ ಕುಳಿತಿರುತ್ತದೆ.

ಇನ್ನು ಉಪಕರಣವೇ ಸತ್ತುಹೋದರೆ? ಕಂಪ್ಯೂಟರಿನ ಪಿಸಿಐ ದಾರಿಯಲ್ಲಿ ಕುಳಿತ ಕಾರ್ಡೊಂದನ್ನು ಕಿತ್ತ ಮೇಲೂ ಅದರ ರಿಜಿಸ್ಟರನ್ನು ಓದಿದರೆ ಉತ್ತರ ಬಾರದಿರುವುದಿಲ್ಲ. ಸಾಮಾನ್ಯವಾಗಿ ಎಲ್ಲ ಅಂಕಿಗಳೂ ಒಂದೇ ಆಗಿರುವ ಸಂಖ್ಯೆ ಬರುತ್ತದೆ: 32 ಒಂದುಗಳು. "ನಿನ್ನ ಕೆಲಸ ಮುಗಿಯಿತೆ? ಮುಗಿದರೆ ಈ ಒಂದನ್ನು ಸೊನ್ನೆ ಮಾಡು" ಎಂದು ಕಾಯುತ್ತ ನಿಂತ ಡ್ರೈವರು, ಇಲ್ಲದ ಉಪಕರಣದ ಮುಂದೆ ಅನಂತಕಾಲ ನಿಂತೇ ಇರಬಹುದು. ವಿಸ್ಕಾನ್ಸಿನ್ನಿನವರೇ 2009ರಲ್ಲಿ ನಡೆಸಿದ ಮತ್ತೊಂದು ಅಧ್ಯಯನದಲ್ಲಿ, ಉಪಕರಣವನ್ನು ಹೀಗೆ ಕುರುಡಾಗಿ ನಂಬಿದ ಸುಮಾರು 1000 ತಾಣಗಳು ಲಿನಕ್ಸಿನ ಡ್ರೈವರುಗಳಲ್ಲಿ ಸಿಕ್ಕಿದವು.

ಎರಡನೆಯ ಸಲ ಕೇಳಿದಾಗ

ಡ್ರೈವರು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿ, ಡಿಸ್ಕು ಹೇಳಿದ ಋಣ 5 ಎಂಬ ಸುದ್ದಿಯನ್ನು ಮೇಲಕ್ಕೆ ತಲುಪಿಸಿತೆಂದೇ ಇಟ್ಟುಕೊಳ್ಳೋಣ. ಅಲ್ಲಿಂದ ಮುಂದೆ ಅದು ಯಾರ ಕಿವಿಗೆ ಬೀಳಬೇಕು?

ನಾವು ಪತ್ರವೊಂದನ್ನು ಬರೆದು ಉಳಿಸು ಎಂದಾಗ, ಕರ್ನೆಲ್ ಅದನ್ನು ಆ ಕ್ಷಣದಲ್ಲೇ ಡಿಸ್ಕಿಗೆ ಕೊಡುವುದಿಲ್ಲ. ಡಿಸ್ಕು ನಿಧಾನ, ಆದುದರಿಂದ ಬರಹವನ್ನು ಸ್ಮೃತಿಯಲ್ಲೇ ಇಟ್ಟುಕೊಂಡು, ಆ ಪುಟಕ್ಕೆ "ಇನ್ನೂ ಬರೆಯಬೇಕು" ಎಂದು ಗುರುತು ಹಾಕಿ, ನಮಗೆ "ಆಯಿತು" ಎಂದುಬಿಡುತ್ತದೆ. ಬರೆಯುವುದು ತರುವಾಯ. ಪೆನ್‌ಡ್ರೈವನ್ನು ಹೇಳದೆ ಕೇಳದೆ ಕೀಳಬಾರದೆಂದು ತಿಳಿದವರು ಎಚ್ಚರಿಸುವುದು ಈ ಕಾರಣಕ್ಕೇ. ನಿಜವಾಗಿ ಡಿಸ್ಕಿಗೆ ಸೇರಿತೇ ಎಂದು ತಿಳಿಯಬೇಕಾದ ಪ್ರೋಗ್ರಾಮುಗಳು ಎಫ್‌ಸಿಂಕ್ ಎಂಬ ಫಂಕ್ಷನನ್ನು ಕರೆದು, ಸೊನ್ನೆ ಬರುವ ತನಕ ಕಾಯಬೇಕು.

ಪೋಸ್ಟ್‌ಗ್ರೆಸ್ ಎಂಬ ದತ್ತಕೋಶ ಪ್ರೋಗ್ರಾಮು ಲೋಕದಾದ್ಯಂತ ಹಣಕಾಸು, ಆಸ್ಪತ್ರೆ, ಆಡಳಿತಗಳ ದಾಖಲೆಗಳನ್ನು ಹೊತ್ತಿದೆ. ಅದನ್ನು ಕಟ್ಟಿದವರು ಮರುಮಾತುಗಳ ವಿಷಯದಲ್ಲಿ ಬಹು ಎಚ್ಚರಿಕೆಯ ಜನ. ಪ್ರತಿಯೊಂದು ಬದಲಾವಣೆಯನ್ನೂ ಅವರು ಮೊದಲು ದಿನಚರಿಯೊಂದರಲ್ಲಿ ಬರೆಯುತ್ತಾರೆ. ಆಗಾಗ ಮೂಲ ಕಡತಗಳನ್ನು ಡಿಸ್ಕಿಗೆ ಸೇರಿಸಿ, ಎಫ್‌ಸಿಂಕಿನಿಂದ ಖಚಿತಪಡಿಸಿಕೊಂಡು, ಅಲ್ಲಿಯವರೆಗಿನ ದಿನಚರಿಯನ್ನು ಬಿಟ್ಟುಕೊಡುತ್ತಾರೆ. ಎಫ್‌ಸಿಂಕ್ "ಆಗಲಿಲ್ಲ" ಎಂದರೆ? ಅದಕ್ಕೂ ಏರ್ಪಾಡಿತ್ತು: ಸ್ವಲ್ಪ ತಾಳಿ ಪುನಃ ಕೇಳುವುದು. ಎರಡನೆಯ ಸಲ ಸೊನ್ನೆ ಬಂದರೆ, ಸರಿ, ಈಗ ಸೇರಿತೆಂದು ತಿಳಿಯುವುದು. ಇದಕ್ಕಿಂತ ವಿವೇಕವಾದುದು ಯಾವುದಿದ್ದೀತು?

2018ರ ಮಾರ್ಚಿಯಲ್ಲಿ, ಡಿಸ್ಕಿನ ದೋಷದ ತರುವಾಯ ಬಳಕೆದಾರರೊಬ್ಬರ ದಾಖಲೆಗಳು ಕೆಟ್ಟ ಪ್ರಕರಣದ ಜಾಡು ಹಿಡಿದಾಗ ನಿಜಸಂಗತಿ ಹೊರಬಿದ್ದಿತು. ಲಿನಕ್ಸ್ ಕರ್ನೆಲ್ ಪುಟವನ್ನು ಬರೆಯಲು ಹೋಗಿ ಸೋತಾಗ, ಸುದ್ದಿಯನ್ನು ಒಮ್ಮೆ ಹೇಳಿ, ಪುಟದ ಮೇಲಿನ "ಇನ್ನೂ ಬರೆಯಬೇಕು" ಎಂಬ ಗುರುತನ್ನೇ ಅಳಿಸಿಬಿಡುತ್ತಿತ್ತು. ಎರಡನೆಯ ಸಲ ಕೇಳಿದಾಗ ಬರೆಯಬೇಕಾದುದು ಏನೂ ಉಳಿದಿಲ್ಲ, ಆದ್ದರಿಂದ ಸೊನ್ನೆ. ಪೋಸ್ಟ್‌ಗ್ರೆಸ್ ಆ ಸೊನ್ನೆಯನ್ನು ನಂಬಿ ದಿನಚರಿಯನ್ನು ಬಿಟ್ಟುಕೊಟ್ಟಿತು. ಬರಹವು ಡಿಸ್ಕಿನಲ್ಲಿಯೂ ಇಲ್ಲ, ದಿನಚರಿಯಲ್ಲಿಯೂ ಇಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ತಪ್ಪುತಿಳಿವಳಿಕೆ ಯಾರ ಗಮನಕ್ಕೂ ಬಾರದೆ ನಡೆದುಕೊಂಡುಬಂದಿತ್ತು.

ಕರ್ನೆಲಿನವರ ವಾದವನ್ನೂ ಕೇಳಬೇಕು. ಕಿತ್ತುಹೋದ ಪೆನ್‌ಡ್ರೈವಿನ ಪುಟಗಳನ್ನು "ಇನ್ನೂ ಬರೆಯಬೇಕು" ಎಂದು ಎಂದೆಂದಿಗೂ ಇಟ್ಟುಕೊಂಡರೆ ಸ್ಮೃತಿಯೆಲ್ಲ ಅವುಗಳಿಂದಲೇ ತುಂಬಿಹೋಗುತ್ತದೆಂಬುದು ಸುಳ್ಳಲ್ಲ. 2017ರಲ್ಲಿ ಬಂದ 4.13ನೆಯ ಆವೃತ್ತಿಯಲ್ಲಿ, ಕಡತವನ್ನು ತೆರೆದಿಟ್ಟುಕೊಂಡ ಪ್ರತಿಯೊಬ್ಬರಿಗೂ ದೋಷದ ಸುದ್ದಿ ಒಮ್ಮೆಯಾದರೂ ಮುಟ್ಟುವಂತೆ ಅವರು ಸುಧಾರಿಸಿದ್ದರು. ಅದಕ್ಕೆ ಮೊದಲು, ಒಬ್ಬರು ಕೇಳಿಸಿಕೊಂಡರೆ ಮಿಕ್ಕವರಿಗೆ ಸುದ್ದಿಯೇ ಇಲ್ಲದೆ ಹೋಗಬಹುದಾಗಿತ್ತು. ಪೋಸ್ಟ್‌ಗ್ರೆಸ್ಸಿನವರು 2019ರ ಫೆಬ್ರವರಿಯಲ್ಲಿ ತಮ್ಮ ರೀತಿಯನ್ನು ಬದಲಿಸಿದರು. ಎಫ್‌ಸಿಂಕ್ ಒಮ್ಮೆ ಇಲ್ಲವೆಂದರೆ ಈಗ ದತ್ತಕೋಶವು ಪುನಃ ಕೇಳುವುದಿಲ್ಲ. ಬೇಕೆಂದೇ ಕುಸಿದುಬಿದ್ದು, ದಿನಚರಿಯನ್ನು ಮೊದಲಿಂದ ಓದಿಕೊಂಡು ಮೇಲೇಳುತ್ತದೆ. ನೋಡುವವರಿಗೆ ಇದು ಅತಿಯೆನ್ನಿಸಬಹುದು. ಕಳೆದುಹೋದುದನ್ನು ಇದೆಯೆಂದು ಹೇಳುವ ದತ್ತಕೋಶಕ್ಕಿಂತ ಕುಸಿದುಬೀಳುವ ದತ್ತಕೋಶವೇ ಮೇಲು.

ಹುಳುಕು ತಿನ್ನುವ ಹುಳು

ಮನುಷ್ಯನ ಕಿವಿಯನ್ನು ನೆಚ್ಚಿಕೊಂಡು ಕುಳಿತರಾಗದೆಂದು ಬಲ್ಲವರು ಬೇರೆ ಬೇರೆ ಕಾವಲುಗಳನ್ನು ಇಟ್ಟಿದ್ದಾರೆ. 2006ರ ಸುಮಾರಿಗೆ ಲಿನಕ್ಸಿನ ಕೆಲವು ಫಂಕ್ಷನ್‌ಗಳಿಗೆ "ಮರುಮಾತನ್ನು ಕೇಳಲೇಬೇಕು" ಎಂಬ ಮುದ್ರೆ ಬಿದ್ದಿತು. ಕೇಳದೆ ಬಿಟ್ಟರೆ ಪ್ರೋಗ್ರಾಮನ್ನು ಭಾಷಾಂತರಿಸುವ ಕಂಪೈಲರೇ ಗದರುತ್ತದೆ. 2007ರ ಆರಂಭದಲ್ಲಿ ಬಂದ ಆವೃತ್ತಿಯಲ್ಲಿ ಅಕಿನೋಬು ಮಿತಾ ಎಂಬವರು ಬೇಕೆಂದೇ ಸುಳ್ಳು ಸೋಲುಗಳನ್ನು ಹುಟ್ಟಿಸುವ ಸಲಕರಣೆಯನ್ನು ಸೇರಿಸಿದರು. ಸ್ಮೃತಿಯಲ್ಲಿ ಜಾಗವಿದ್ದರೂ ಇಲ್ಲವೆನ್ನುವುದು, ಡಿಸ್ಕು ಬರೆದರೂ ಬರೆಯಲಿಲ್ಲವೆನ್ನುವುದು. ಯಾರೂ ತುಳಿಯದ ದಾರಿಯಲ್ಲಿ ಬಲವಂತವಾಗಿ ನಡೆಸುವುದು.

ಫ್ರಾನ್ಸಿನಲ್ಲಿ ಜೂಲಿಯಾ ಲಾವಾಲ್ ಮತ್ತು ಅವರ ಸಂಗಡಿಗರು ರೂಪಿಸಿದ ಸಾಧನಕ್ಕೆ ಕಾಕ್ಸಿನೆಲ್ ಎಂದು ಹೆಸರು; ಫ್ರೆಂಚಿನಲ್ಲಿ ಗುಲಗಂಜಿ ಹುಳುವಿಗೆ ಹೀಗೆನ್ನುತ್ತಾರೆ. ಗುಲಗಂಜಿ ಹುಳು ಗಿಡದ ಹೇನುಗಳನ್ನು ತಿನ್ನುವಂತೆ ಇದು ಪ್ರೋಗ್ರಾಮಿನ ಹುಳುಕುಗಳನ್ನು ತಿನ್ನಬೇಕೆಂಬ ಆಶಯ. ತಪ್ಪಿನ ಮಾದರಿಯೊಂದನ್ನು ಬರೆದುಕೊಟ್ಟರೆ, ಅದು ಕರ್ನೆಲಿನ ಲಕ್ಷಾಂತರ ಸಾಲುಗಳಲ್ಲಿ ಅಂಥವನ್ನೆಲ್ಲ ಹುಡುಕಿ, ತಿದ್ದುಪಡಿಯನ್ನೂ ಸೂಚಿಸುತ್ತದೆ. ಕಣ್ಣಿಲ್ಲದ ಕಾವಲುಗಾರರು ಹಲವರು ಸಿಕ್ಕಿಬಿದ್ದುದು ಇದರ ಕೈಯಲ್ಲಿಯೇ. ವಿಂಡೋಸಿನ ಕಡೆ, 2000ದ ಸುಮಾರಿಗೆ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಾಮಣಿ ಎಂಬವರು, ಡ್ರೈವರು ಹಿಡಿಯಬಹುದಾದ ಪ್ರತಿಯೊಂದು ದಾರಿಯನ್ನೂ ಗಣಿತದ ಮೂಲಕ ಅನುಸರಿಸಿ, ಹಾಕಿದ ಬೀಗವನ್ನು ಎಲ್ಲ ದಾರಿಗಳಲ್ಲೂ ತೆಗೆದಿದೆಯೇ ಎಂಬಂಥ ನಿಯಮಗಳನ್ನು ಪರೀಕ್ಷಿಸುವ ಸಾಧನವನ್ನು ಕಟ್ಟಿದರು. ಬೀಗ ತೆಗೆಯಲು ಮರೆಯುವುದು ಸಾಮಾನ್ಯವಾಗಿ ಸೋಲಿನ ದಾರಿಯಲ್ಲಿಯೇ. ಈ ಕೆಲಸಕ್ಕಾಗಿ ಇಬ್ಬರಿಗೂ 2011ರಲ್ಲಿ ಪ್ರಶಸ್ತಿಯೊಂದು ಬಂದಿತು. ರಾಜಾಮಣಿಯವರು ಆ ವೇಳೆಗೆ ಬೆಂಗಳೂರಿನ ಸಂಶೋಧನಾಲಯವನ್ನು ಸೇರಿದ್ದರು.

2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸಿನ 6.1ನೆಯ ಆವೃತ್ತಿಯಿಂದ ರಸ್ಟ್ ಎಂಬ ಭಾಷೆಗೂ ಕರ್ನೆಲಿನಲ್ಲಿ ಪ್ರವೇಶ ದೊರೆತಿದೆ. ಅದರಲ್ಲಿ ಫಲವೂ ದೋಷವೂ ಒಂದೇ ಕರಡಿಗೆಯಲ್ಲಿ ಬರುತ್ತವೆ. ಕರಡಿಗೆಯನ್ನು ತೆರೆದು, ದೋಷವಿದೆಯೇ ಎಂದು ನೋಡದೆ ಫಲ ಕೈಗೆ ಸಿಕ್ಕುವಂತಿಲ್ಲ. ತೆರೆಯದೆ ಎಸೆದರೆ ಕಂಪೈಲರು ಎಚ್ಚರಿಸುತ್ತದೆ. ಪಡೆದುಕೊಂಡ ವಸ್ತುಗಳು ಹಿಂದಿರುಗುವಾಗ ತಾವಾಗಿಯೇ ಬಿಡುಗಡೆ ಹೊಂದುತ್ತವೆ. ಹಳೆಯ ಡ್ರೈವರುಗಳ ಮಹಾರಾಶಿ ಮಾತ್ರ ಸಿ ಭಾಷೆಯಲ್ಲಿಯೇ ಇದೆ.

ಎಲ್ಲ ಮರುಮಾತುಗಳನ್ನೂ ಕೇಳಲೇಬೇಕೆಂದೇನೂ ಇಲ್ಲ. ದೋಷ ಹುಡುಕುವವರ ಅನುಕೂಲಕ್ಕೆಂದು ಡ್ರೈವರುಗಳು ತೆರೆದಿಡುವ ಡೀಬಗ್ ಕಡತಗಳ ವಿಷಯದಲ್ಲಿ, ಅವುಗಳನ್ನು ತೆರೆಯಲಾಗದಿದ್ದರೂ ಡ್ರೈವರಿನ ಕೆಲಸ ನಿಲ್ಲಬಾರದೆಂಬ ಕಾರಣದಿಂದ, ಮರುಮಾತನ್ನು ಪರೀಕ್ಷಿಸುವ ಸಾಲುಗಳನ್ನು 2019ರಲ್ಲಿ ರಾಶಿರಾಶಿಯಾಗಿ ತೆಗೆದುಹಾಕಿದರು. ಇದಕ್ಕಿಂತ ಸ್ವಾರಸ್ಯವಾದುದು, ಉಪಕರಣವು ಹೊರಟುಹೋಗುವಾಗ ಕರ್ನೆಲ್ ಕರೆಯುವ "ತೆಗೆ" ಎಂಬ ಫಂಕ್ಷನಿನ ಕಥೆ. ಬಹುಕಾಲ ಅದಕ್ಕೂ ಒಂದು ಮರುಮಾತಿತ್ತು. ಕೆಲವು ಲೇಖಕರು ಅದನ್ನು ನಂಬಿ, ಉಪಕರಣವು ಬಳಕೆಯಲ್ಲಿದ್ದರೆ "ಋಣ 16, ಈಗ ತೆಗೆಯಬೇಡಿ" ಎಂದು ಉತ್ತರ ಕೊಟ್ಟು, ಬಿಚ್ಚುವ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕರ್ನೆಲ್ ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಉಪಕರಣವನ್ನು ತೆಗೆದುಬಿಡುತ್ತಿತ್ತು. ಬಿಚ್ಚದೆ ಉಳಿದುದು ಹಾಗೆಯೇ ಉಳಿಯುತ್ತಿತ್ತು. ಕೇಳದವರ ಮುಂದೆ ಹೇಳುವುದೇಕೆಂದು ಕೊನೆಗೆ 2023ರಿಂದ ಒಂದೊಂದೇ ಡ್ರೈವರನ್ನು ತಿದ್ದುತ್ತ ಬಂದು, ಕಂಪ್ಯೂಟರಿನ ಹಲಗೆಯಲ್ಲಿಯೇ ಅಂಟಿಕೊಂಡಿರುವ ಉಪಕರಣಗಳ ವರ್ಗದಲ್ಲಿ 2024ರಲ್ಲಿ ಆ ಫಂಕ್ಷನಿನ ಮರುಮಾತನ್ನೇ ರದ್ದು ಮಾಡಿದರು. ಈಗ ಅದು ಬಂದು, ಬಿಚ್ಚಬೇಕಾದುದನ್ನೆಲ್ಲ ಬಿಚ್ಚಿ, ಏನನ್ನೂ ಹೇಳದೆ ಹೋಗುತ್ತದೆ.